ಗಾಬೆಸ್‌ನ ಕೆಳಗೆ ಯಾರಿದ್ದಾರೆ

ಸ್ಫಾಕ್ಸ್
6 ಅಕ್ಟೋಬರ್ 2018

ಪ್ರಿಯ ವಿದಾದ್,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನಮ್ಮಿಬ್ಬರಿಗೂ ಬಾಯಿ ಮುಂದು, ಮಾತು ಶುರುವಾಗುವ ಮೊದಲೇ ಜಗಳ ಶುರುವಾಗುತ್ತದೆ. ಬರೆದರೆ ಒಬ್ಬಳು ಮುಗಿಸುವ ತನಕ ಇನ್ನೊಬ್ಬಳು ಕಾಯಲೇಬೇಕು. ಅದಕ್ಕೇ ಈ ಇ-ಮೇಲ್.

ಮೂರು ವರ್ಷದ ಹಿಂದೆ ನಾನು ನಿಮ್ಮ ತತಾವಿನ್ ಆಸ್ಪತ್ರೆಯ ಔಷಧಾಲಯ ಬಿಟ್ಟು ಔಷಧಿ ಕಂಪನಿ ಸೇರಲು ಹೊರಟ ದಿನ, ಎಲ್ಲರೆದುರು "ದೊರ್ಸಾಫ್ ಅಂಗಡಿ ಇಡೋಕೆ ಹೊರಟಳು, ಬನ್ನಿ, ಕೇಕ್ ತಿನ್ನಿ" ಎಂದೆಯಲ್ಲ. ಆ ಕೇಕ್ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ನಾನು ಅಂಗಡಿ ಇಟ್ಟಿಲ್ಲ ವಿದಾದ್. ಮಾರುವವರೇ ಬೇರೆ, ನಾವೇ ಬೇರೆ. ಒಂದು ಕಾಯಿಲೆಯ ಬಗ್ಗೆ ಎಲ್ಲೆಲ್ಲಿ ಏನು ತಿಳಿದಿದೆಯೋ ಅದನ್ನು ಓದಿಕೊಂಡು ಹೋಗಿ ವೈದ್ಯರಿಗೆ ಹೇಳುವುದು, ಅವರು ಕಂಡದ್ದನ್ನು ಕೇಳಿಕೊಂಡು ಬರುವುದು, ಇಷ್ಟೇ ನನ್ನ ಕೆಲಸ. ನಮ್ಮ ಔಷಧಿಗೆ ಈ ದೇಶದಲ್ಲಿ ಇನ್ನೂ ಪರವಾನಗಿ ಸಿಕ್ಕಿಲ್ಲ. ಅದರ ಬಗ್ಗೆ ವೈದ್ಯರು ತಾವಾಗಿ ಕೇಳದೆ ನಾನು ತುಟಿ ಬಿಚ್ಚುವಂತಿಲ್ಲ. ತುಟಿ ಬಿಚ್ಚದಿರುವ ಕೆಲಸ ನನಗೆ ಸಿಕ್ಕಿತೆಂದು ಅಮ್ಮ ಇನ್ನೂ ನಂಬಿಲ್ಲ.

ಈಗ ಮುಂದಿನ ವರ್ಷದ ಕ್ಷೇತ್ರ ಯೋಜನೆ ಬರೆಯಬೇಕಾಗಿದೆ. ಯಾವ ಊರು, ಯಾವ ವೈದ್ಯರು, ಯಾರ ಬಳಿಗೆ ಎಷ್ಟು ಸಲ, ಎಲ್ಲವೂ ಅದರಲ್ಲಿ ಬರುತ್ತದೆ. ದೇಶಕ್ಕೆಲ್ಲ ನಾವು ಇಬ್ಬರೇ. ತೂನಿಸ್‌ನಲ್ಲಿ ಒಬ್ಬ, ಇಲ್ಲಿ ನಾನು. ನಕ್ಷೆಯಲ್ಲಿ ದೊಡ್ಡ ಪ್ರಾಧ್ಯಾಪಕರಿರುವ ಊರುಗಳಿಗೆಲ್ಲ ದೊಡ್ಡ ದೊಡ್ಡ ವೃತ್ತ ಹಾಕಿದ್ದಾರೆ. ದಕ್ಷಿಣಕ್ಕೆ ಗಾಬೆಸ್ ದಾಟಿದರೆ ಬರೀ ಬಿಳಿ. ನಮ್ಮ ಮೇಲಧಿಕಾರಿ, ನಾವೆಲ್ಲ ಗೌರವದಿಂದ 'ಸಿ' ಸೇರಿಸಿ ಕರೆಯುವ ಸಿ ನಜೀಬ್, ಆ ಬಿಳಿಯ ಮೇಲೆ ಬೆರಳಿಟ್ಟು, "ಗಾಬೆಸ್‌ನ ಕೆಳಗೆ ಯಾರಿದ್ದಾರಮ್ಮ?" ಎಂದರು. ನಿನ್ನ ಹೆಸರು ಬಾಯಿಗೆ ಬಂತು. ನುಂಗಿಕೊಂಡೆ.

ನಮ್ಮ ಕಂಪನಿ ನೋಡುವುದು ವಂಶದಲ್ಲಿ ಬರುವ ಒಂದು ಅಪರೂಪದ ಊತದ ಕಾಯಿಲೆ. ನಿಮ್ಮ ತುರ್ತು ವಿಭಾಗಕ್ಕೆ ಬಂದು ಸ್ವಲ್ಪ ಹೊತ್ತು ಮಾತಾಡಿ ಹೋಗಲೇ?

ನಿನ್ನ
ದೊರ್ಸಾಫ್


ತತಾವಿನ್
29 ಅಕ್ಟೋಬರ್ 2018

ದೊರ್ಸಾಫ್,

ಕೇಕ್ ಹಾಳಾಗಲಿಲ್ಲ. ದಾದಿ ಜಲೀಲಾ ಡಬ್ಬಿಯ ಸಮೇತ ಮನೆಗೆ ಒಯ್ದಳು.

ನೀನು ಹೋದ ಮೇಲೆ ಒಂದು ವರ್ಷ ಔಷಧಾಲಯಕ್ಕೆ ಯಾರೂ ಬರಲಿಲ್ಲ. ಬೀಗದಕೈ ನನ್ನ ಕೋಟಿನ ಜೇಬಿನಲ್ಲೇ ಇರುತ್ತಿತ್ತು. ಒಂದು ಕೈಯಲ್ಲಿ ರೋಗಿ, ಇನ್ನೊಂದು ಕೈಯಲ್ಲಿ ಬೀಗ. ಈಗ ಮಹದೀಯಾದ ಹುಡುಗನೊಬ್ಬ ಬಂದಿದ್ದಾನೆ. ಒಳ್ಳೆಯವನೇ. ಅವನಿಗೂ ಯಾವುದೋ ಕಂಪನಿಯಿಂದ ಫೋನ್ ಬರುತ್ತಿರುತ್ತದೆ, ಹೊರಗೆ ಹೋಗಿ ಮಾತಾಡುತ್ತಾನೆ.

ಅಪರೂಪದ ಕಾಯಿಲೆಯಂತೆ! ಇಲ್ಲಿ ಅಪರೂಪ ಯಾವುದು ಗೊತ್ತೇನೇ? ಹೆರಿಗೆ ತಜ್ಞರು ಅಪರೂಪ. ಎಕ್ಸ್‌ರೇ ಫಿಲ್ಮು ಅಪರೂಪ. ನನ್ನ ನಿದ್ದೆ ಅಪರೂಪ. ಇವಕ್ಕೂ ಒಂದೊಂದು ವೃತ್ತ ಹಾಕಿಸು ನಿಮ್ಮ ನಕ್ಷೆಯಲ್ಲಿ.

ಬರಬೇಡ. ಬರೆಯುವುದಾದರೆ ಬರಿ. ಆದರೆ ಕಂಪನಿ, ಕಾಯಿಲೆ, ಔಷಧಿ, ಈ ಮೂರರ ಮಾತು ಬೇಡ. ನಿನ್ನಮ್ಮನ ಮೊಣಕಾಲು ಹೇಗಿದೆ?

ವಿದಾದ್


ಸ್ಫಾಕ್ಸ್
18 ನವೆಂಬರ್ 2018

ಪ್ರಿಯ ವಿದಾದ್,

ಆ ಮೂರನ್ನೂ ಬಿಟ್ಟು ಬರೆಯಲು ಕೂತಿದ್ದೇನೆ. ನನ್ನ ಬದುಕಿನಲ್ಲಿ ಉಳಿದಿರುವುದು ಎಷ್ಟು ಕಡಿಮೆ ಎಂದು ಈಗ ಗೊತ್ತಾಗುತ್ತಿದೆ.

ಅಮ್ಮನ ಮೊಣಕಾಲು ಅಮ್ಮನಂತೆಯೇ, ಯಾರ ಮಾತೂ ಕೇಳುವುದಿಲ್ಲ. ಆಲಿವ್ ಕೊಯ್ಲು ನಡೆದಿದೆ. ಏಣಿ ಹತ್ತಬೇಡ ಅಂದರೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಏಣಿಯ ಮೇಲಿರುವವರನ್ನೆಲ್ಲ ಬಯ್ಯುತ್ತಾಳೆ. ಗಾಣದಿಂದ ಹೊಸ ಎಣ್ಣೆ ಬಂತು. ಮೊದಲ ರೊಟ್ಟಿಯ ಚೂರನ್ನು ಅದರಲ್ಲಿ ಅದ್ದಿ, "ಆ ದಕ್ಷಿಣದ ಡಾಕ್ಟರು ಹುಡುಗಿ ಹೊತ್ತಿಗೆ ಸರಿಯಾಗಿ ತಿಂತಾಳಾ ಕೇಳು. ನೀನು ಜಗಳ ಆಡಿದ್ದೀಯ, ನಾನೇನು ಆಡಿಲ್ಲ" ಎಂದಳು. ಲುವಾಜ್ ಬಾಡಿಗೆ ಗಾಡಿಯವನ ಕೈಯಲ್ಲಿ ಒಂದು ಡಬ್ಬಿ ಎಣ್ಣೆ ಕಳಿಸಿದ್ದೇವೆ. ಕಳಿಸಿದ್ದು ಅಮ್ಮ. ವಾಪಸ್ ಮಾಡುವುದಾದರೆ ಅವಳಿಗೇ ಮಾಡು, ನಿನಗೆ ಧೈರ್ಯವಿದ್ದರೆ.

ಬೇರೇನೂ ಇಲ್ಲ.

ದೊರ್ಸಾಫ್


ತತಾವಿನ್
20 ಡಿಸೆಂಬರ್ 2018

ದೊರ್ಸಾಫ್,

ಎಣ್ಣೆ ಮುಗಿಯುತ್ತ ಬಂತೆಂದು ಅಮ್ಮನಿಗೆ ಹೇಳು. ಹಾಗೆ ಹೇಳಿದರೆ ಅವರಿಗೆ ಸಂತೋಷವಾಗುತ್ತದೆ.

ಈ ವಾರ ಮೈಯೆಲ್ಲ ಹಣ್ಣಾಗಿದೆ. ಮರಳು ಗಾಳಿಗೆ ಅರ್ಧ ಊರು ಕೆಮ್ಮುತ್ತ ಬಂತು. ಅದರ ನಡುವೆ ಸಾಲ್ಹಾ ಎಂಬ ಹುಡುಗಿಯೊಬ್ಬಳು ಮನಸ್ಸಿನಿಂದ ಹೋಗುತ್ತಿಲ್ಲ. ಗುಮ್ರಾಸನ್‌ನವಳು, ಅಪ್ಪ ಖಮೀಸ್ ಇಲ್ಲಿನ ಬಸ್‌ಸ್ಟಾಂಡಿನ ಹತ್ತಿರ ಫ್ತೀರಾ ರೊಟ್ಟಿ ಕರಿದು ಮಾರುವವನು. ಬೇಸಿಗೆಗೆ ಅವಳ ಮದುವೆ. ಎರಡು ವರ್ಷದ ಹಿಂದೆ ಬೇರೆ ಊರಿನ ಕ್ಲಿನಿಕ್ಕೊಂದರಲ್ಲಿ ಕರುಳುಬಾಲ ಅಂತ ಹೊಟ್ಟೆ ಕೊಯ್ದಿದ್ದಾರೆ. ಒಳಗೆ ಎಲ್ಲ ಚೆನ್ನಾಗಿಯೇ ಇತ್ತಂತೆ. ಈಗ ಮತ್ತೆ ಅದೇ ನೋವು, ಅದೇ ವಾಂತಿ. ಇಲ್ಲಿನ ಶಸ್ತ್ರಚಿಕಿತ್ಸಕರೂ ಚಾಕು ಮಸೆದು ನಿಂತಿದ್ದರು, ನಾನೇ ತಡೆದೆ. ಎರಡು ದಿನಕ್ಕೆ ತಾನಾಗಿಯೇ ಇಳಿಯಿತು. ಮನೆಗೆ ಹೊರಟಾಗ ನೋಡಿದರೆ ಮೇಲ್ದುಟಿ ಬನ್ನಿನ ಹಾಗೆ ಊದಿದೆ. ಅಲರ್ಜಿಯ ಸೂಜಿ ಹಾಕಿದೆ. ಊತ ಕದಲಲಿಲ್ಲ. ಅದೂ ಮಾರನೆಯ ದಿನ ತಾನಾಗಿಯೇ ಹೋಯಿತಂತೆ.

"ನಮ್ಮಲ್ಲಿ ಹೀಗೇ ಡಾಕ್ಟರಮ್ಮಾ. ನಮ್ಮವ್ವ ಗಂಟಲು ಕಟ್ಟಿಯೇ ಹೋದಳು. ಕಣ್ಣು ಬಿದ್ದದ್ದು," ಎಂದ ಖಮೀಸ್.

ಬಂದದ್ದು ತಾನಾಗಿ, ಹೋದದ್ದು ತಾನಾಗಿ. ನಡುವೆ ನಾನು ವೈದ್ಯೆಯೋ, ಬಾಗಿಲು ಕಾಯುವವಳೋ ತಿಳಿಯಲಿಲ್ಲ.

ವಿದಾದ್


ಸ್ಫಾಕ್ಸ್
21 ಡಿಸೆಂಬರ್ 2018

ವಿದಾದ್,

ಬೆಳಿಗ್ಗೆಯಿಂದ ಫೋನ್ ಮಾಡುತ್ತಿದ್ದೇನೆ, ಎತ್ತುತ್ತಿಲ್ಲ. ನಿನಗೆ ಕೊಟ್ಟ ಮಾತು ಮುರಿಯುತ್ತಿದ್ದೇನೆ. ಆಮೇಲೆ ಬೇಕಾದಷ್ಟು ಬಯ್ಯಿ, ಮೊದಲು ಇದನ್ನು ಪೂರ್ತಿ ಓದು.

ಸಾಲ್ಹಾಳಿಗಿರುವುದು ಬಹುಶಃ ಆನುವಂಶಿಕ ಆಂಜಿಯೋಎಡಿಮಾ. ಅಲರ್ಜಿ ಅಲ್ಲ. ರಕ್ತದಲ್ಲಿ ಸಿ1 ಇನ್ಹಿಬಿಟರ್ ಎಂಬ ಪ್ರೋಟೀನು ಕಡಿಮೆ ಇರುತ್ತದೆ; ಚರ್ಮ ಊದುತ್ತದೆ, ಕರುಳು ಊದುತ್ತದೆ, ಹೊಟ್ಟೆ ಕೊಯ್ದು ನೋಡಿದರೆ ಕೀಳಬೇಕಾದ್ದೇನೂ ಸಿಗುವುದಿಲ್ಲ. ತೂನಿಸ್‌ಗೆ ರಕ್ತ ಕಳಿಸಿ ಆ ಪ್ರೋಟೀನನ್ನೂ ಸಿ4 ಎಂಬ ಇನ್ನೊಂದನ್ನೂ ನೋಡಿಸು. ಅಪ್ಪನದನ್ನೂ ಬಿಡಬೇಡ.

ನನಗೆ ಭಯವಿರುವುದು ಅವಳ ಅಜ್ಜಿಯ ವಿಷಯಕ್ಕೆ. ಈ ಊತ ಗಂಟಲಿಗೂ ಬರುತ್ತದೆ. ಬಂದರೆ ಅಡ್ರಿನಲಿನ್, ಕಾರ್ಟಿಸೋನ್, ಅಲರ್ಜಿಯ ಸೂಜಿ ಯಾವುದನ್ನೂ ನಂಬಿ ಕೂರುವಂತಿಲ್ಲ. ಉಸಿರಿನ ದಾರಿ ಮುಚ್ಚುವ ಮೊದಲೇ ಅರಿವಳಿಕೆಯವರು ಪಕ್ಕದಲ್ಲಿರಬೇಕು. ಇದಕ್ಕೆಂದೇ ಇರುವ ಔಷಧಿ ಕೈಯಲ್ಲಿ ಇಲ್ಲದ ಕಡೆ ಹೆಪ್ಪುಗಟ್ಟಿಸಿಟ್ಟ ಪ್ಲಾಸ್ಮಾ ಕೊಡುತ್ತಾರೆ. ಕೆಲವರಿಗೆ ಅದರಿಂದ ಊತ ಹೆಚ್ಚಿದ್ದೂ ಉಂಟು, ಕಣ್ಣಿಟ್ಟಿರಬೇಕು. ಆ ಪ್ಲಾಸ್ಮಾ ನಿಮ್ಮ ರಕ್ತ ಭಂಡಾರದಲ್ಲೇ ಇದೆ.

ಇದರಲ್ಲಿ ನನ್ನ ಕಂಪನಿಯ ಔಷಧಿಯ ಹೆಸರಿಲ್ಲ. ಹುಡುಕಬೇಡ.

ದೊರ್ಸಾಫ್


ತತಾವಿನ್
3 ಜನವರಿ 2019

ದೊರ್ಸಾಫ್,

ಇಬ್ಬರ ರಕ್ತವನ್ನೂ ಕಳಿಸಿದ್ದೇನೆ. ಯಾವಾಗ ಉತ್ತರ ಬರುತ್ತದೋ ದೇವರೇ ಬಲ್ಲ.

ಈಗ ನನ್ನದೊಂದು ಪ್ರಶ್ನೆ. ಮೆದನೀನ್‌ನಲ್ಲಿ ಒಬ್ಬರು ಹೇಳಿದರು: ಕಂಪನಿ ದಕ್ಷಿಣವನ್ನು ಕೈಬಿಟ್ಟರೆ ಇಬ್ಬರಲ್ಲಿ ಒಬ್ಬರು ಸಾಕಂತೆ, ಹೋಗುವವಳು ನೀನಂತೆ. ನಿಜವೇನೇ? ನಿಜವಾದರೆ, ನನ್ನ ಸಾಲ್ಹಾ ನಿನಗೆ ಯಾರು? ನೋವಿರುವ ಹುಡುಗಿಯೋ, ನಿನ್ನ ಕುರ್ಚಿ ಉಳಿಸುವ ಪುರಾವೆಯೋ?

ನಾಳೆ ನಿಮ್ಮ ಕಂಪನಿಯ ಸಭೆಯಲ್ಲಿ ಯಾವುದೋ ಹೋಟೆಲಿನ ಪರದೆಯ ಮೇಲೆ ಅವಳ ತುಟಿಯ ಚಿತ್ರ ಬಂದರೆ ನಾನು ಸುಮ್ಮನಿರುವುದಿಲ್ಲ.

ವಿದಾದ್


ಸ್ಫಾಕ್ಸ್
6 ಜನವರಿ 2019

ವಿದಾದ್,

ನಿಜ. ದಕ್ಷಿಣ ಹೋದರೆ ನಾನೂ ಹೋಗುತ್ತೇನೆ. ಮೊದಲ ಪತ್ರದಲ್ಲಿ ಬರೆಯಬಹುದಿತ್ತು. ಭಿಕ್ಷೆ ಬೇಡಿದ ಹಾಗಾಗುತ್ತದೆಂದು ಬರೆಯಲಿಲ್ಲ.

ಆ ಹುಡುಗಿಯ ಹೆಸರು, ಊರು, ತುಟಿ ಯಾವುದೂ ನನ್ನ ಬಾಯಿಂದ ಹೊರಗೆ ಹೋಗಿಲ್ಲ, ಹೋಗುವುದೂ ಇಲ್ಲ. ಅವಳಿಲ್ಲದೆಯೇ ನನ್ನ ಯೋಜನೆ ತನ್ನ ಕಾಲ ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ಬೀಳಲಿ.

ರಕ್ತದ ಉತ್ತರ ಬರುವವರೆಗೂ ಅವಳನ್ನು ದೂರ ಪ್ರಯಾಣಕ್ಕೆ ಕಳಿಸಬೇಡ.

ದೊರ್ಸಾಫ್


ತತಾವಿನ್
12 ಫೆಬ್ರವರಿ 2019

ಪ್ರಿಯ ದೊರ್ಸಾಫ್,

ಅವಸರದಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿಕೊಂಡು ಓದು. ಮೊದಲೇ ಹೇಳಿಬಿಡುತ್ತೇನೆ: ಬದುಕಿದ್ದಾಳೆ. ಈಗಷ್ಟೇ ಅವಳ ಕೋಣೆಯಿಂದ ಬಂದೆ, ಮೊಸರು ತಿನ್ನುತ್ತಿದ್ದಾಳೆ.

ಶನಿವಾರ ಅವಳು ಹಲ್ಲು ಕೀಳಿಸಿಕೊಂಡಿದ್ದಳಂತೆ. ನಮಗೆ ಹೇಳಿರಲಿಲ್ಲ, ಹಲ್ಲಿಗೂ ಇದಕ್ಕೂ ಏನು ಸಂಬಂಧ ಎಂದುಕೊಂಡಿದ್ದಾರೆ. ಆ ಪೆಟ್ಟೇ ಊತವನ್ನು ಕೆರಳಿಸಿದೆ. ನಿನ್ನೆ ಸೋಮವಾರ, ಸಂತೆ. ರಸ್ತೆಯ ತುಂಬ ಕುರಿ, ಜನ. ಖಮೀಸ್ ಮಗಳನ್ನು ತರಕಾರಿ ಗಾಡಿಯಲ್ಲಿ ಕೂರಿಸಿಕೊಂಡು ಆ ಜನದೊಳಗೇ ನುಗ್ಗಿ ಬಂದ. ಕೆನ್ನೆ ಊದಿತ್ತು, ಅದು ನನಗೆ ದೊಡ್ಡದೆನಿಸಲಿಲ್ಲ. ಅವಳು ನನ್ನ ಹೆಸರು ಕರೆದಳು, ದನಿ ಅವಳದಾಗಿರಲಿಲ್ಲ. ಎಂಜಲು ನುಂಗಲೂ ಆಗುತ್ತಿರಲಿಲ್ಲ.

ನಿನಗೊಂದು ನಿಜ ಹೇಳುತ್ತೇನೆ. ನಿನ್ನ ಡಿಸೆಂಬರಿನ ಪತ್ರವನ್ನು ಓದಿ ಮೂಗು ಮುರಿದಿದ್ದೆ. ಆದರೂ ಅದರಲ್ಲಿದ್ದದ್ದೆಲ್ಲ ತಲೆಯಲ್ಲಿ ಕೂತಿತ್ತು. ಅಭ್ಯಾಸಬಲದಿಂದ ಅಡ್ರಿನಲಿನ್ ಹಾಕಿದೆ. ಏನೂ ಆಗಲಿಲ್ಲ. ಅರಿವಳಿಕೆಯ ಡಾಕ್ಟರನ್ನು ಕರೆಸಿ, ಉಸಿರಿನ ನಳಿಗೆ ಹಿಡಿಸಿ ಪಕ್ಕದಲ್ಲಿ ನಿಲ್ಲಿಸಿದೆ. ಆಮೇಲೆ ಜಲೀಲಾಳಿಗೆ ಕೂಗಿದೆ, "ಪ್ಲಾಸ್ಮಾ ಕರಗಿಸು!"

"ಎಲ್ಲಿ ರಕ್ತ ಸೋರ್ತಿದೆ ಡಾಕ್ಟರ್?" ಎಂದಳು.

"ಎಲ್ಲೂ ಇಲ್ಲ. ಕರಗಿಸು ಅಂದೆ."

"ಊತಕ್ಕೆ ಪ್ಲಾಸ್ಮಾನಾ?"

"ಜಲೀಲಾ, ಆಮೇಲೆ ನನ್ನ ಮೇಲೆ ದೂರು ಕೊಡು. ಈಗ ಓಡು."

ಓಡಿದಳು. ಪ್ಲಾಸ್ಮಾ ಕರಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ನನಗೆ ಗೊತ್ತಿದೆ. ನಿನ್ನೆ ಅದು ಕರಗುವುದೇ ಇಲ್ಲ ಅನ್ನಿಸಿತು. ಖಮೀಸ್ ಬಾಗಿಲಿನ ಚೌಕಟ್ಟು ಹಿಡಿದು ನಿಂತು, "ನಮ್ಮವ್ವನೂ ಹಿಂಗೇ ಮಾಡಿದಳು, ಹಿಂಗೇ ಮಾಡಿದಳು" ಎನ್ನುತ್ತಿದ್ದ. ಅವನನ್ನು ಹೊರಗೆ ಕಳಿಸುವ ಮನಸ್ಸಾಗಲಿಲ್ಲ.

ಮೊದಲ ಚೀಲ ಹೋಯಿತು. ಎರಡನೆಯದು ಅರ್ಧಕ್ಕೆ ಬಂದಾಗ ಅವಳು ಎಂಜಲು ನುಂಗಿದಳು. ಒಬ್ಬರು ಎಂಜಲು ನುಂಗುವುದನ್ನು ನೋಡಿ ನಾನು ಅಳುತ್ತೇನೆಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಅರಿವಳಿಕೆಯವರು ನಳಿಗೆಯನ್ನು ಕೆಳಗಿಟ್ಟು, "ಕಾಫಿ ಕುಡಿಸ್ತೀರಾ?" ಎಂದರು. ಸಂಜೆ ಸಾಲ್ಹಾ ತನ್ನದೇ ದನಿಯಲ್ಲಿ ಕೇಳಿದಳು, "ಈ ಹಲ್ಲಿನ ಡಾಕ್ಟರಿಗೆ ಯಾರು ಬಯ್ಯೋದು, ನೀವಾ, ನಾನಾ?"

ತೂನಿಸ್‌ನ ಉತ್ತರ ಇವತ್ತು ಬಂತು. ನೀನು ಹೇಳಿದ್ದೇ. ಅಪ್ಪನಿಗೂ ಇದೆ. ಅವನ ಕೈ ಆಗಾಗ ಊದುತ್ತಿತ್ತಂತೆ. ಕಾದೆಣ್ಣೆಯ ಝಳಕ್ಕೆ ಅಂದುಕೊಂಡಿದ್ದ.

ನೀನು ನನಗೆ ಹೇಳಿಕೊಟ್ಟದ್ದು ನಿನ್ನ ಕಂಪನಿ ಮಾರದ ವಸ್ತುವನ್ನು. ಇಡೀ ದಿನ ಅದೇ ಯೋಚನೆ ನನಗೆ. ಇನ್ನೇನೂ ಬರೆಯಲು ಬರುತ್ತಿಲ್ಲ.

ಈಗ ಕೇಳುತ್ತಿದ್ದೇನೆ, ವೈದ್ಯೆಯಾಗಿ, ನಾನಾಗಿಯೇ: ಆ ನಿಮ್ಮ ಔಷಧಿ ಯಾವುದು? ಏನು ಮಾಡುತ್ತದೆ, ಏನು ಮಾಡುವುದಿಲ್ಲ? ಮುಂದಿನ ಸಲ ಪ್ಲಾಸ್ಮಾ ಕರಗುವ ತನಕ ಕಾಯಲು ನನ್ನಿಂದಾಗದು.

ಮತ್ತೆ, ಫೋನ್ ಮಾಡು. ಎತ್ತುತ್ತೇನೆ.

ನಿನ್ನ
ವಿದಾದ್


ಸ್ಫಾಕ್ಸ್
2 ಮಾರ್ಚ್ 2019

ಪ್ರಿಯ ವಿದಾದ್,

ಫೋನಿನಲ್ಲಿ ಇಬ್ಬರೂ ಬರೀ ಮೂಗು ಒರೆಸಿಕೊಂಡೆವು, ಹೇಳಬೇಕಾದ್ದು ಉಳಿದೇ ಹೋಯಿತು. ಅದಕ್ಕೇ ಇದು.

ನಿನ್ನ ಪ್ರಶ್ನೆಗೆ ಉತ್ತರವನ್ನು ಕಚೇರಿಯ ಮೂಲಕ ಬೇರೆಯಾಗಿ ಕಳಿಸಿದ್ದೇನೆ. ನಮ್ಮ ಔಷಧಿಯ ಗುಣದ ಜೊತೆ ಅದರ ಕೊರತೆಯೂ ಇದೆ. ಅಂಥವೇ ಬೇರೆಯವರ ಔಷಧಿಗಳೂ ಇವೆ, ಅವನ್ನೂ ಸೇರಿಸಿದ್ದೇನೆ. ಆರಿಸುವವಳು ನೀನು. ಪರವಾನಗಿ ಬರುವ ಮೊದಲು ಒಬ್ಬ ರೋಗಿಗಾಗಿ ವಿಶೇಷ ಅನುಮತಿ ಕೇಳುವ ದಾರಿಯನ್ನೂ ಬರೆದಿದೆ.

ಇನ್ನು, ಮುಂದೂಡುತ್ತಲೇ ಬಂದಿದ್ದ ಯೋಜನೆಯ ಸಭೆ. ತೂನಿಸ್‌ನಲ್ಲಿ, ಮೊನ್ನೆ. ಸಾಲ್ಹಾಳ ಸುದ್ದಿ ಎತ್ತಲಿಲ್ಲ. ಬಾಯಿಯ ತುದಿಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ನಕ್ಷೆಯನ್ನು ಗೋಡೆಗೆ ಹಾಕಿ ಒಂದೇ ಪ್ರಶ್ನೆ ಕೇಳಿದೆ.

"ಸಿ ನಜೀಬ್, ಇದ್ದಕ್ಕಿದ್ದಂತೆ ಮುಖ ಊದಿದವರು ಮೊದಲು ಯಾರ ಹತ್ತಿರ ಹೋಗ್ತಾರೆ?"

"ತುರ್ತು ವಿಭಾಗಕ್ಕೆ."

"ನಮ್ಮ ಯೋಜನೆಯಲ್ಲಿ ಒಂದಾದರೂ ತುರ್ತು ವಿಭಾಗ ಇದೆಯಾ?"

ಅವರು ನಕ್ಷೆ ನೋಡಿದರು. "ಅಲ್ಲಮ್ಮ, ಅಲ್ಲಿ ಹೆಸರು ಮಾಡಿದ ಪ್ರಾಧ್ಯಾಪಕರಿಲ್ಲ. ಒಬ್ಬರನ್ನು ಕಾಣೋಕೆ ನೀನು ದಿನವಿಡೀ ರಸ್ತೆಯಲ್ಲಿರ್ತೀಯ. ಮೇಲಿನವರಿಗೆ ನಾನೇನು ಹೇಳಲಿ?"

"ಪ್ರಾಧ್ಯಾಪಕರ ಬಾಗಿಲು ಮುಟ್ಟಿದ ರೋಗಿಗೆ ಕಾಯಿಲೆಯ ಹೆಸರು ಗೊತ್ತಾಗಿಬಿಟ್ಟಿರುತ್ತೆ ಅಂತ ಹೇಳಿ. ಹೆಸರು ಗೊತ್ತಿಲ್ಲದವರು ಇನ್ನೂ ದಾರಿಯಲ್ಲೇ ಇದ್ದಾರೆ. ನಾವು ವೃತ್ತ ಹಾಕಿರೋದು ದಾರಿ ಮುಗಿಯೋ ಕಡೆ. ದಾರಿ ಶುರುವಾಗೋ ಕಡೆ ಬಿಳಿ ಬಿಟ್ಟಿದ್ದೀವಿ."

ಅವರು ಕೆಟ್ಟವರಲ್ಲ ವಿದಾದ್. ಮೇಲಿನವರಿಗೆ ಹೆದರುತ್ತಾರೆ, ಅಷ್ಟೇ. ಬಹಳ ಹೊತ್ತು ಕನ್ನಡಕ ಒರೆಸಿದರು. ನಾನು ಮನಸ್ಸಿನಲ್ಲೇ ಮೇಜು ಖಾಲಿ ಮಾಡುತ್ತಿದ್ದೆ. ಆಗ ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. "ಹಾಗಾದ್ರೆ ಇವೇನು? ಈ ವಾರ ಬಂದಿವೆ." ಮೆದನೀನ್, ಗಾಬೆಸ್, ಕೆಬಿಲಿ, ಮೂರು ಊರಿನ ತುರ್ತು ವಿಭಾಗದವರು ಬರೆದಿದ್ದರು: ಈ ಊತದ ಕಾಯಿಲೆಯನ್ನು ಗುರುತಿಸುವುದು ಹೇಗೆ, ತಿಳಿದವರನ್ನು ಕಳಿಸಿ ಎಂದು. "ನೀನು ಬರೆಸಿದ್ಯಾ?" ಎಂದರು. ಇಲ್ಲ ಎಂದೆ. ನನಗೆ ಗೊತ್ತೇ ಇರಲಿಲ್ಲ. ನೀನು ಅವರಿಗೆ ಏನು ಹೇಳಿದೆಯೆಂದು ನಾನು ಕೇಳುವುದಿಲ್ಲ.

ಮೊದಲ ಆರು ತಿಂಗಳು ತುರ್ತು ವಿಭಾಗಗಳಿಗೇ. ಗಫ್ಸಾದಿಂದ ಹಿಡಿದು ನಿಮ್ಮವರೆಗೆ. ಸಿ ನಜೀಬ್ ಸಹಿ ಹಾಕಿದರು. "ಮೇಲಿನವರು ಬೈದರೆ ಇಬ್ಬರೂ ಬೈಸಿಕೊಳ್ಳೋಣ" ಎಂದರು. ಹೊರಗೆ ಬಂದು ಬೀದಿಯಲ್ಲಿ ನಿಂತೇ ಒಂದು ಬಟ್ಟಲು ಲಬ್ಲಾಬಿ, ಬಿಸಿ ಬಿಸಿ ಕಡಲೆ ಸಾರು, ಕುಡಿದೆ. ಹರೀಸಾ ಖಾರ ಹೆಚ್ಚಾಗಿ ಕಣ್ಣಲ್ಲಿ ನೀರು ಬಂತು ಎಂದು ಅಂಗಡಿಯವನು ಅಂದುಕೊಂಡ. ಅಂದುಕೊಳ್ಳಲಿ.

ಏಪ್ರಿಲ್ ಮೊದಲ ವಾರ ನಿಮ್ಮ ಕಡೆ. ಈ ಸಲ ಬರಬೇಡ ಅಂದರೂ ಬರುತ್ತೇನೆ.

ನಿನ್ನ
ದೊರ್ಸಾಫ್


ತತಾವಿನ್
20 ಏಪ್ರಿಲ್ 2019

ಪ್ರಿಯ ದೊರ್ಸಾಫ್,

ನೀನು ಬಂದಿದ್ದಾಗ ಬಾಗಿಲಲ್ಲೇ ನಿನಗೆ ಏನೋ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಜಲೀಲಾ ನಡುವೆ ಬಂದು ನಿನ್ನನ್ನು ತಬ್ಬಿಕೊಂಡು ನನ್ನ ಸರದಿಯನ್ನೂ ತಾನೇ ಮುಗಿಸಿದಳು. ಇರಲಿ. ನೀನು ಮಾತಾಡುವಾಗ ಹಿಂದಿನ ಸಾಲಿನಲ್ಲಿ ಕೂತು ನಾನು ಒಂದೂ ಕೊಂಕು ಆಡಲಿಲ್ಲವಲ್ಲ, ಅದನ್ನೇ ಆ ಮಾತು ಅಂದುಕೋ.

ಸಾಲ್ಹಾಳ ಔಷಧಿಗೆ ಅನುಮತಿ ಸಿಕ್ಕಿತು. ಎರಡು ಸೂಜಿ ನಮ್ಮ ಫ್ರಿಜ್ಜಿನಲ್ಲಿವೆ. ಯಾವ ಕಂಪನಿಯದೆಂದು ಹೇಳುವುದಿಲ್ಲ, ನಿನಗೆ ಅಹಂಕಾರ ಬರುತ್ತದೆ, ಇಲ್ಲವೇ ಬೇಜಾರಾಗುತ್ತದೆ.

ಬರೆಯಲು ಕೂತದ್ದು ಬೇರೊಬ್ಬರ ವಿಷಯಕ್ಕೆ. ಆ ಮನೆಯವರನ್ನೆಲ್ಲ ಕರೆಸಿ ರಕ್ತ ತೆಗೆದಿದ್ದೆವು. ಖಮೀಸನಿಗೆ ಮಹ್‌ಬೂಬಾ ಎಂಬ ಅಕ್ಕ ಇದ್ದಾಳೆ, ಐವತ್ತು ದಾಟಿದವಳು. ಹುಡುಗಿಯಾಗಿದ್ದಾಗಿನಿಂದ ಮುಖ ಊದುವುದು, ಹೊಟ್ಟೆ ಹಿಡಿದುಕೊಂಡು ಉರುಳುವುದು. ಒಬ್ಬರು ನರದ ದೌರ್ಬಲ್ಯ ಅಂದರು, ಒಬ್ಬರು ಮೊಟ್ಟೆ ಆಗುವುದಿಲ್ಲ ಅಂದರು, ಮನೆಯವರು ನಾಟಕ ಅಂದರು. ಮೊಟ್ಟೆ ಬಿಟ್ಟಳು, ಮದುವೆಮನೆ ಬಿಟ್ಟಳು, ಬಂದ ಸಂಬಂಧಗಳೂ ಬಿಟ್ಟುಹೋದವು. ಅವಳ ಉತ್ತರ ಇವತ್ತು ಬಂತು. ಕೂರಿಸಿಕೊಂಡು ಹೇಳಿದೆ.

"ಇದಕ್ಕೆ ಹೆಸರಿದೆಯಾ?" ಎಂದಳು.

"ಇದೆ."

"ಇನ್ನೊಂದ್ಸಲ ಹೇಳಿ."

ಹೇಳಿದೆ. ಅವಳ ನಾಲಿಗೆ ತಿರುಗಲಿಲ್ಲ. ಆದರೂ ಎದ್ದು ಹೊರಗೆ ಹೋಗಿ, ಬೆಂಚಿನ ಮೇಲೆ ಕೂತಿದ್ದ ಪರಿಚಯವಿಲ್ಲದವರಿಗೆಲ್ಲ, "ನಂಗೆ ಕಾಯಿಲೆ ಇದೆಯಂತೆ! ಕಾಯಿಲೇನೇ ಅಂತೆ!" ಎಂದು ಸಾರಿಬಿಟ್ಟಳು. ಜನ ಅವಳಿಗೆ ಸಮಾಧಾನ ಹೇಳಲು ಹೋದರು. ಅವಳು ನಗುತ್ತಿದ್ದಳು. ಆಮೇಲೆ ತಮ್ಮನ ಕಡೆ ತಿರುಗಿದಳು. "ನಾಟಕ ಅಂದ್ಯಲ್ಲೋ! ಮೂವತ್ತು ವರ್ಷ ನಾಟಕ ಅಂದ್ಯಲ್ಲೋ, ಕತ್ತೆ! ನಿಂಗೂ ಅದೇ ಇದೆಯಲ್ಲೋ!"

ಖಮೀಸ್ ತಲೆ ತಗ್ಗಿಸಿ ನಿಂತ.

"ಡಾಕ್ಟರೇ, ಮೊಟ್ಟೆ?" ಎಂದಳು.

"ಮೊಟ್ಟೆಯದೇನೂ ತಪ್ಪಿಲ್ಲ ಮಹ್‌ಬೂಬಾ."

ಸಂಜೆ ಕೆಲಸ ಮುಗಿಸಿ ಬಸ್‌ಸ್ಟಾಂಡಿನ ಮುಂದೆ ಹಾದು ಬಂದೆ. ಖಮೀಸ್ ಎಣ್ಣೆಯಲ್ಲಿ ಫ್ತೀರಾ ಬಿಟ್ಟು ಅದರ ನಡುವೆ ಮೊಟ್ಟೆ ಒಡೆದು ಹಾಕುತ್ತಿದ್ದ. ಗಿರಾಕಿಗಳು ಸಾಲಾಗಿ ಕಾಯುತ್ತಿದ್ದರು, ಅವನು ಯಾರನ್ನೂ ನೋಡಲಿಲ್ಲ. ಮೊದಲನೆಯದನ್ನು ಕಾಗದದಲ್ಲಿ ಸುತ್ತಿ ಅಕ್ಕನ ಕೈಗೆ ಕೊಟ್ಟ. ಅವಳು ಮೆಟ್ಟಿಲ ಮೇಲೆ ಕೂತು ಒಂದು ಕಡೆಯಿಂದ ಕಚ್ಚಿದಳು. ಹಳದಿ ಒಡೆದು ಗಲ್ಲದ ಮೇಲೆ, ಮುಂಗೈ ಮೇಲೆ ಹರಿಯಿತು. ಒರೆಸಿಕೊಳ್ಳಲಿಲ್ಲ. ಕಣ್ಣು ಮುಚ್ಚಿ ತಿಂದಳು. ತಿಂದು ಮುಗಿಸಿ ಕಾಗದವನ್ನು ಮಡಚಿ, "ಖಮೀಸ್, ಇನ್ನೊಂದು ಹಾಕೋ" ಎಂದಳು.

ನಿನ್ನ
ವಿದಾದ್